ಮಾಸ್ಟ್ರು ತಿದ್ದಿಕೊಟ್ಟ ಪ್ರಶ್ನೆಗಳು

ಕಳೆದ ವಾರ ನಮ್ಮ ವಿಭಾಗದ ಜೂನಿಯರ್ ಒಬ್ಬಳು ನನ್ನ ಹಳೆಯ ಪ್ರಬಂಧದ ಫೈಲು ಬಿಚ್ಚಿದಳು, ಎರಡು ಹಾಳೆ ಮಗುಚಿದಳು, ಸಾಲಾಗಿ ಮೂರು ಸಲ ಸೀನಿದಳು. ಧೂಳು ಎಂದುಕೊಂಡು ಕಿಟಕಿ ತೆರೆಯಲು ಎದ್ದಳು. ಧೂಳಲ್ಲ, ನಶ್ಯ. ಐದು ವರ್ಷ ಪ್ಲಾಸ್ಟಿಕ್ ಕವರಿನೊಳಗೆ ಮುಚ್ಚಿಟ್ಟ ಕಾಗದದ ಮಡಿಕೆಯಲ್ಲಿ ಕಂದು ಪುಡಿ ಹಾಗೆಯೇ ಕೂತಿತ್ತು. ವಾಸನೆಯಿಂದ ಇಡೀ ಬಾಲ್ಯ ಎದ್ದು ಬರುತ್ತದೆ ಎಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಬೇಕಾದರೆ ಅದರ ವಿರುದ್ಧ ಐದು ನಿಮಿಷ ಮಾತಾಡಬಲ್ಲೆ. ಆದರೂ ಆ ಫೈಲನ್ನು ಅವಳ ಕೈಯಿಂದ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದದ್ದು ನಿಜ. ಜೂನಿಯರ್ ನನ್ನನ್ನು ವಿಚಿತ್ರವಾಗಿ ನೋಡಿದಳು. ನೋಡಲಿ.

ಅದು ನಮ್ಮ ಕನ್ನಡ ಮಾಸ್ಟ್ರ ನಶ್ಯ.

ಕಾರ್ಕಳದ ಹೈಸ್ಕೂಲಿನಲ್ಲಿ ಅವರು ನಮಗೆ ಮೂರು ವರ್ಷ ಕನ್ನಡ ಕಲಿಸಿದರು. ಚರ್ಚಾ ಸ್ಪರ್ಧೆಗೆ ತಯಾರು ಮಾಡುತ್ತಿದ್ದವರೂ ಅವರೇ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಪಾಠದಲ್ಲಿ ಇಂಗ್ಲಿಷು ಎಂದಿದ್ದ ನನ್ನಂಥವಳ ಬಾಯಲ್ಲಿ ಕನ್ನಡ ನಿಲ್ಲುವಂತೆ ಮಾಡಿದವರು. ಉಸಿರು ಗಟ್ಟಿಯಾಗಲಿ ಎಂದು ಗೊಮ್ಮಟ ಬೆಟ್ಟದ ಮೆಟ್ಟಿಲು ಹತ್ತಿಸಿ, ಮೇಲೆ ಮುಟ್ಟಿದ ಕೂಡಲೇ ಭಾಷಣ ಮಾಡಿಸುತ್ತಿದ್ದರು. ನಮಗಿಂತ ಮೊದಲು ಅವರೇ ಹತ್ತಿ ನಿಂತಿರುತ್ತಿದ್ದರು, ಒಂದು ಬೆವರ ಹನಿ ಇಲ್ಲದೆ.

ಅವರ ಅಭ್ಯಾಸದ ಕ್ರಮ ಬೇರೆ ಯಾರಲ್ಲಿಯೂ ಇರಲಿಲ್ಲ. ನಾವು ಪರ ಎಂದರೆ ಅವರು ವಿರೋಧ, ನಾವು ವಿರೋಧ ಎಂದರೆ ಅವರು ಪರ. ಆ ಪಾತ್ರದಲ್ಲಿ ಇರುವಷ್ಟು ಹೊತ್ತು ಅವರು ನಿಜವಾಗಿ ಏನು ನಂಬುತ್ತಾರೆ ಎಂದು ಕೇಳುವ ಹಾಗಿಲ್ಲ. ಒಮ್ಮೆ ವರದಕ್ಷಿಣೆಯ ಪರ ಎಷ್ಟು ಚೆನ್ನಾಗಿ ವಾದಿಸಿದರೆಂದರೆ ನನ್ನ ಬೆಂಚಿನ ಹುಡುಗಿ ಅತ್ತೇ ಬಿಟ್ಟಳು. ಆಗ ಅವರು ಕಿಸೆಯಿಂದ ತಗಡಿನ ಡಬ್ಬಿ ತೆಗೆದು, ಒಂದು ಚಿಟಿಕೆ ನಶ್ಯ ಏರಿಸಿ, "ಮುಗಿಯಿತು, ಈಗ ನಾನು ನಾನೇ" ಎಂದರು. ಅದು ಅವರ ಗಂಟೆ. ಡಬ್ಬಿ ತೆರೆದರೆ ಪಾತ್ರ ಮುಗಿಯಿತು ಎಂದು ಅರ್ಥ. ಡಬ್ಬಿ ತೆರೆಯುವ ತನಕ ಅವರ ಮಾತು ಯಾವುದೂ ಅವರ ಮಾತಲ್ಲ... ಇದನ್ನು ನಾನು ಎಷ್ಟು ಚೆನ್ನಾಗಿ ಕಲಿತಿದ್ದೆ ಎಂದರೆ, ಅದೇ ಒಂದು ದಿನ ನನ್ನ ಕಣ್ಣಿಗೆ ಕಟ್ಟಿದ ಬಟ್ಟೆಯಾಯಿತು.

ಮಣಿಪಾಲದಲ್ಲಿ ನಾನು ಮನೋವೈದ್ಯಕೀಯ ಸ್ನಾತಕೋತ್ತರಕ್ಕೆ ಸೇರಿದೆ. ಸಕ್ಕರೆ ಕಾಯಿಲೆ ಇರುವ ಗಂಡಸರಲ್ಲಿ ಲೈಂಗಿಕ ತೊಂದರೆಯನ್ನು ಗುರುತಿಸುವುದು ಹೇಗೆ ಎಂಬುದು ನನ್ನ ಪ್ರಬಂಧದ ವಿಷಯ. ಹೆಣ್ಣುಮಗಳಿಗೆ ಇದೆಂಥ ವಿಷಯ ಎಂದು ಮನೆಯಲ್ಲಿಯೂ ಹಾಸ್ಟೆಲಿನಲ್ಲಿಯೂ ಕೇಳಿದವರಿಗೆಲ್ಲ ಉತ್ತರ ಕೊಟ್ಟೆ. ಹೆರಿಗೆ ವಾರ್ಡಿನಲ್ಲಿ ಗಂಡು ಡಾಕ್ಟರು ಇರಬಹುದಾದರೆ ಇಲ್ಲಿ ನಾನು ಯಾಕೆ ಇರಬಾರದು? ವಾದದಲ್ಲಿ ನಾನು ಸೋಲುವುದು ಕಡಿಮೆ, ಆಗಲೂ, ಈಗಲೂ.

ತೊಂದರೆ ಬಂದದ್ದು ಬೇರೆ ಕಡೆಯಿಂದ. ರೋಗಿಗಳಿಗೆ ಕೇಳಬೇಕಾದ ಪ್ರಶ್ನಾವಳಿ ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡಕ್ಕೆ ತರಬೇಕು; ಮೂಲವನ್ನು ನೋಡದ ಇನ್ನೊಬ್ಬರು ಆ ಕನ್ನಡವನ್ನು ಪುನಃ ಇಂಗ್ಲಿಷಿಗೆ ಮಾಡಬೇಕು; ಎರಡೂ ತಾಳೆಯಾಗಬೇಕು. ಕನ್ನಡಕ್ಕೆ ತರಲು ನಾನೇ ಸಾಕು ಎಂದುಕೊಂಡೆ. "ಲೈಂಗಿಕ ಸಂಭೋಗದ ಸಂದರ್ಭದಲ್ಲಿ ಶಿಶ್ನದ ನಿಮಿರುವಿಕೆಯನ್ನು ಉಳಿಸಿಕೊಳ್ಳುವುದು ನಿಮಗೆ ಎಷ್ಟು ಕಷ್ಟವಾಯಿತು?" ಈಗಲೂ ಹೇಳುತ್ತೇನೆ, ಈ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ.

ಮೊದಲ ರೋಗಿ ಎರ್ಮಾಳಿನವರು, ಬೋಟಿನ ಕೆಲಸ, ನಲವತ್ತರ ಹತ್ತಿರದ ಪ್ರಾಯ. ಹೆಂಡತಿ ಹೊರಗೆ ಬೆಂಚಿನಲ್ಲಿ ಕೂತಿದ್ದಳು. ನಾನು ಬಾಗಿಲು ಹಾಕಿ, ಕುರ್ಚಿ ತೋರಿಸಿ, ಮೊದಲ ಪ್ರಶ್ನೆಯನ್ನು ಓದಿದೆ. "ಲೈಂಗಿಕ" ಎಂಬ ಶಬ್ದ ಕೇಳಿದ ಕೂಡಲೇ ಆ ಮನುಷ್ಯ ಎದ್ದು ನಿಂತರು.

"ಕಂಪ್ಲೇಂಟ್ ಕೊಟ್ಟದ್ದು ಯಾರು, ಡಾಕ್ಟ್ರೇ?"

"ಎಂತ ಕಂಪ್ಲೇಂಟ್?"

"ನೀವೇ ಹೇಳಿದ್ರಲ್ಲ ಈಗ, ಲೈಂಗಿಕ ಅಂತ. ನಾನು ಅಂಥ ಜನ ಅಲ್ಲ. ಬೇಕಾದರೆ ನಮ್ಮ ಊರಲ್ಲಿ ಬಂದು ಕೇಳಿ."

ಮುಂದೆ ನಾನು ಹೇಳಿದ ಒಂದು ಮಾತೂ ಅವರ ಕಿವಿಗೆ ಹೋಗಲಿಲ್ಲ. ಬಾಗಿಲು ತೆರೆದು ಹೊರಟೇ ಹೋದರು. ಹೆಂಡತಿ ಫೈಲು ಎದೆಗೆ ಒತ್ತಿಕೊಂಡು ಹಿಂದಿನಿಂದ ಓಡಿದಳು. ನಾನು ಮೆಟ್ಟಿಲಿನ ತನಕ ಓಡಿದೆ, ಮತ್ತೆ ನಿಂತೆ. ಬಿಳಿ ಕೋಟು ಹಾಕಿದವಳು ಬೆನ್ನಟ್ಟಿ ಬಂದರೆ ಅವರ ಸಂಶಯ ಗಟ್ಟಿಯಾಗುವುದೇ ಹೊರತು ಕಡಿಮೆಯಾಗುವುದಿಲ್ಲ ಎಂದು ಹೊಳೆಯಿತು.

ಆಮೇಲಿನವರು ಯಾರೂ ಎದ್ದು ಹೋಗಲಿಲ್ಲ. ಆದರೆ ಕೇಳಿದ್ದಕ್ಕೆಲ್ಲ "ಇಲ್ಲ, ಇಲ್ಲ, ಎಂತ ಸಮಸ್ಯೆಯೂ ಇಲ್ಲ" ಎಂದು ಗೋಡೆಯ ಗಡಿಯಾರ ನೋಡುತ್ತಾ ಹೇಳಿ ಮುಗಿಸಿದರು. ನಮ್ಮ ಗೈಡ್ ಆ ಹಾಳೆಗಳನ್ನು ನೋಡಿ ಕನ್ನಡಕ ತೆಗೆದರು. "ನಿನ್ನ ಪ್ರಕಾರ ಈ ಕರಾವಳಿಯಲ್ಲಿ ಒಬ್ಬನಿಗೂ ಎಂತದೂ ಇಲ್ಲ. ಕಾಯಿಲೆ ಗುಣ ಆದದ್ದಾ, ಪ್ರಶ್ನೆ ಸತ್ತದ್ದಾ?" ಎಂದರು. ಉತ್ತರ ಇಬ್ಬರಿಗೂ ಗೊತ್ತಿತ್ತು.

ಇದು ಬರೀ ಪ್ರಬಂಧದ ಪ್ರಶ್ನೆಯಾಗಿದ್ದರೆ ನಾನು ಅಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಈ ತೊಂದರೆಯನ್ನು ನಾಚಿಕೆಯ ಸಂಗತಿ ಎಂದು ತಿಳಿದವರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. ಗಂಡಸಿನ ಆ ಅಂಗಕ್ಕೆ ರಕ್ತ ಒಯ್ಯುವ ನಾಳಗಳು ಹೃದಯದ ನಾಳಗಳಿಗಿಂತ ಸಪೂರ. ಕಟ್ಟುವುದು ಶುರುವಾದರೆ ಅನೇಕರಲ್ಲಿ ಮೊದಲು ಗೊತ್ತಾಗುವುದು ಅಲ್ಲಿ. ಎದೆ ನೋಯುವ ಮೊದಲೇ ದೇಹ ಹೇಳುವ ಮಾತು ಅದು. ಕೇಳುವವರು ಸರಿಯಾಗಿ ಕೇಳದಿದ್ದರೆ, ಹೇಳುವವರು ಹೇಳದಿದ್ದರೆ, ಒಂದು ಜೀವ ಹೋಗಬಹುದು. ಎರ್ಮಾಳಿನವರು ಮೆಟ್ಟಿಲಿಳಿದು ಹೋದಾಗ ನನ್ನ ತಲೆಯಲ್ಲಿದ್ದದ್ದು ಇದು.

ಒಂದು ಭಾನುವಾರ ಕಾಪುವಿನಲ್ಲಿ ಬಸ್ಸಿಳಿದು, ರಿಕ್ಷಾ ಹಿಡಿದು ಇನ್ನಂಜೆಗೆ ಹೋದೆ. ನಿವೃತ್ತಿಯಾದ ಮೇಲೆ ಮಾಸ್ಟ್ರು ಹೆಂಡತಿಯ ಜೊತೆ ಅಲ್ಲಿರುತ್ತಿದ್ದರು. ರಸ್ತೆಯಿಂದ ಮನೆಗೆ ಗದ್ದೆಯ ಅಂಚಿನ ದಾರಿ. ನನ್ನನ್ನು ಕರೆದುಕೊಂಡು ಹೋಗಲು ರಸ್ತೆಯ ತನಕ ಬಂದಿದ್ದರು. ನಡುವೆ ಎರಡು ಕಡೆ ನಿಂತು ಪೈರು ತೋರಿಸಿದರು. ನಾನೂ ನಿಂತು ಪೈರು ನೋಡಿದೆ.

"ಸರ್, ವಿಷಯ ಸ್ವಲ್ಪ..." ಎಂದು ಕಾಗದ ಕೊಡುವಾಗ ನನ್ನ ಬಾಯಿ ತೊದಲಿತು.

"ಎಂತ, ರಾಜಕೀಯವಾ?"

ಓದಿದರು. ಪೂರ್ತಿ ಓದಿದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಕೊನೆಗೆ ಬೆರಳಿಟ್ಟು, "ಸಂಭೋಗಕ್ಕೆ ಮಹಾಪ್ರಾಣ. ನೀನು ಬರೀ ಬ ಹಾಕಿದ್ದಿ ಎರಡು ಕಡೆ" ಎಂದರು. ವ್ಯಾಕರಣದ ತಪ್ಪಿಲ್ಲ ಎಂದು ಆಗಲೇ ಹೇಳಿದೆ. ಕಾಗುಣಿತದ್ದು ಬೇರೆ ಲೆಕ್ಕ. ಅಡುಗೆಮನೆಯಿಂದ ಅವರ ಹೆಂಡತಿ, ನಾವೆಲ್ಲ ಅಮ್ಮ ಎಂದೇ ಕರೆಯುತ್ತಿದ್ದವರು, "ಚಾ ಪರ್ಪನಾ ಮಗಾ?" ಎಂದು ತುಳುವಿನಲ್ಲಿ ಕೂಗಿ, ಚಹಾ ಕುಡಿಯುತ್ತೀಯಾ ಎಂದು ಕೇಳಿದರು. ಮಾಸ್ಟ್ರು ಕಾಗದವನ್ನು ಅವಸರವಿಲ್ಲದೆ ಮಗುಚಿಟ್ಟರು.

ಇದನ್ನು ಯಾಕೆ ಕೇಳಲೇಬೇಕು ಎಂದು ಕೇಳಿದರು. ನಾನು ಸಪೂರ ನಾಳ, ದಪ್ಪ ನಾಳ, ಹೃದಯ ಎಲ್ಲ ವಿವರಿಸಿದೆ. ವೇದಿಕೆಯ ಮೇಲೆ ನಿಂತಂತೆ ಬಿಡಿಸಿ ಬಿಡಿಸಿ ಹೇಳಿದೆ.

"ಇದಾಗಿ ಎಷ್ಟು ಸಮಯಕ್ಕೆ ಅದು?" ಎಂದರು.

"ಹೇಳ್ಲಿಕ್ಕೆ ಆಗುದಿಲ್ಲ ಸರ್. ಕೆಲವರಿಗೆ ಎರಡು ಮೂರು ವರ್ಷ. ಕೆಲವರಿಗೆ ಆಗುದೇ ಇಲ್ಲ."

"ಮುಂದಿನ ಭಾನುವಾರ ಬಾ" ಎಂದು ಡಬ್ಬಿ ತೆರೆದರು.

ಮುಂದಿನ ಭಾನುವಾರ ಹೋದಾಗ ಜಗಲಿಯ ಮೇಲೆ ಹಳೆಯ ಪೇಪರಿನ ಕಟ್ಟು ಇತ್ತು. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಅವರ ಪೆನ್ಸಿಲಿನಿಂದ ಅಲ್ಲಲ್ಲಿ ಗೆರೆ ಎಳೆದಿದ್ದರು. ಒಂದು ತಿಂಗಳ ಪೇಪರಿನಲ್ಲಿ "ಲೈಂಗಿಕ" ಎಂಬ ಶಬ್ದ ಬಂದಲ್ಲೆಲ್ಲ ಕೆಂಪು. ಲೈಂಗಿಕ ದೌರ್ಜನ್ಯ, ಲೈಂಗಿಕ ಕಿರುಕುಳ, ಲೈಂಗಿಕ ಹಗರಣ, ಲೈಂಗಿಕ ಶೋಷಣೆ. ಒಂದೊಂದಾಗಿ ನನ್ನ ಮುಂದೆ ಹಾಕಿದರು.

"ಇದರಲ್ಲಿ ನೀಲಿ ಗೆರೆ ಎಲ್ಲಿ ಉಂಟು ನೋಡು. ಒಳ್ಳೆಯ ಅರ್ಥದಲ್ಲಿ ಬಂದಿದ್ದರೆ ನೀಲಿ ಎಳೆಯುವ ಅಂತ ಇಟ್ಟುಕೊಂಡಿದ್ದೆ."

ನೀಲಿ ಎಲ್ಲಿಯೂ ಇರಲಿಲ್ಲ.

ನಾನು ಪುರಾವೆ ಕೇಳುವವಳು. ಯಾರೇ ಏನೇ ಹೇಳಲಿ, ಎಲ್ಲಿಂದ ಗೊತ್ತು ಎಂದು ಕೇಳಿಯೇ ಮುಂದೆ ಹೋಗುವವಳು. ಆ ಕಟ್ಟಿನ ಮುಂದೆ ನನಗೆ ಕೇಳಲು ಏನೂ ಉಳಿಯಲಿಲ್ಲ. ಕನ್ನಡ ನಮ್ಮ ಈ ಕಡೆಯವರಿಗೆ ಶಾಲೆಯ, ಬಸ್ಸಿನ ಬೋರ್ಡಿನ, ಪೇಪರಿನ ಭಾಷೆ. ಮಲಗುವ ಕೋಣೆಯೊಳಗೆ ಅದು ಬಂದದ್ದೇ ಇಲ್ಲ. ಬಂದರೆ ಪೊಲೀಸರ ಜೊತೆಗೇ ಬರುತ್ತದೆ. ಎರ್ಮಾಳಿನವರು ಎದ್ದು ನಿಂತದ್ದರಲ್ಲಿ ತಪ್ಪೇನಿತ್ತು?

"ಹಾಗಾದರೆ ತುಳುವಿನಲ್ಲೇ ಕೇಳುವುದು ಒಳ್ಳೆಯದಲ್ವಾ?" ಎಂದೆ.

"ತುಳುವಿನಲ್ಲಿ ಆ ಶಬ್ದ ಎರಡೇ ಕಡೆ ಕೇಳ್ತದೆ. ಒಂದು ಮಕ್ಕಳನ್ನು ಮೀಯಿಸುವಾಗ, ಇನ್ನೊಂದು ಬೈಯುವಾಗ. ನಿನ್ನ ರೋಗಿ ಮಗುವೂ ಅಲ್ಲ, ನೀನು ಅವನನ್ನು ಬೈಯುವುದೂ ಅಲ್ಲ."

ಆ ಮಧ್ಯಾಹ್ನವಿಡೀ ಜಗಳ. ಅವರು "ಸಂಸಾರ" ಎಂದರು. ಪುನಃ ಇಂಗ್ಲಿಷಿಗೆ ಮಾಡುವವರು ಅದನ್ನು ಖಂಡಿತ ಫ್ಯಾಮಿಲಿ ಎಂದೇ ಬರೆಯುತ್ತಾರೆ, ನಮ್ಮ ರೋಗಿಯೂ "ಸಂಸಾರ ಚೆನ್ನಾಗಿ ಉಂಟು, ಮಗಳು ಪಿಯುಸಿ" ಎನ್ನುತ್ತಾನೆ ಎಂದು ನಾನು. ಒಪ್ಪಿದರು. ಆಮೇಲೆ "ಗಂಡ ಹೆಂಡತಿ ಕೂಡುವುದು" ಎಂದರು. ಕೂಡುವುದು ಕಳೆಯುವುದು ಲೆಕ್ಕದ ಪಿರಿಯಡಿನಲ್ಲಿ ಎಂದು ನಾನು ನಕ್ಕೆ. "ಲೆಕ್ಕದಲ್ಲಿ ಕೂಡಿಸುವುದು. ಇಲ್ಲಿ ಕೂಡುವುದು. ನಡುವೆ ಒಂದು 'ಇಸು' ವ್ಯತ್ಯಾಸ ಉಂಟು. ಮಣಿಪಾಲಕ್ಕೆ ಹೋಗಿ ಪ್ರತ್ಯಯ ಮರೆತದ್ದಾ ಮಾರಾಯ್ತಿ?" ಎಂದರು. ನಿಮಿರುವಿಕೆ ಹೋಗಿ "ಗಟ್ಟಿ ನಿಲ್ಲುವುದು" ಬಂತು. ಶಿಶ್ನ ಹೋಗಿ "ಅಂಗ" ಬಂತು.

ಆದರೆ ನಿಜವಾದ ತಿದ್ದುಪಡಿ ಬೇರೆಯೇ. ಹೈಸ್ಕೂಲಿನ ಪ್ರಬಂಧಗಳಲ್ಲಿ ನಾವು "ಉಂಟು" ಎಂದು ಬರೆದರೆ ಹೊಡೆದುಹಾಕಿ "ಇದೆ" ಎಂದು ಕೆಂಪಿನಲ್ಲಿ ಬರೆಯುತ್ತಿದ್ದ ಮನುಷ್ಯ, ಈಗ ತಾವೇ ಮೊದಲ ಪ್ರಶ್ನೆಯ ಮೇಲೆ ಒಂದು ಸಾಲು ಸೇರಿಸಿದರು: "ಶುಗರ್ ಇರುವವರಲ್ಲಿ ಅಂಗ ಗಟ್ಟಿ ನಿಲ್ಲದಿರುವುದು ಉಂಟು." ಇದು ದಾರಿ ತಪ್ಪಿಸುವ ಕ್ರಮ, ಉತ್ತರವನ್ನು ನಾವೇ ಬಾಯಿಗೆ ಇಟ್ಟ ಹಾಗಾಗುತ್ತದೆ, ಪರೀಕ್ಷಕರು ನನ್ನನ್ನು ಬಿಡುವುದಿಲ್ಲ ಎಂದು ನಾನು ಪಟ್ಟು ಹಿಡಿದೆ. ನನ್ನ ವಾದ ಸರಿಯಾಗಿಯೇ ಇತ್ತು.

"ಸರಿ ಉಂಟು ನಿನ್ನದು. ಆದರೆ ಅವನು ಒಬ್ಬನೇ ಅಂತ ಅವನ ತಲೆಯಲ್ಲಿ ಉಂಟಲ್ಲ, ಅದನ್ನು ಯಾರು ತೆಗೆಯುವುದು? ಮೊದಲು ಉಂಟು ಅನ್ನು. ಆಮೇಲೆ ಕೇಳು."

ಕೊನೆಗೆ ಅದನ್ನು ಪ್ರಶ್ನೆಯೊಳಗೆ ಹಾಕದೆ, ಎಲ್ಲರಿಗೂ ಒಂದೇ ಥರ ಓದುವ ಪೀಠಿಕೆಯಾಗಿ ಹಾಕುವುದೆಂದು ರಾಜಿಯಾಯಿತು. ಗೈಡ್ ಕೂಡ ಒಪ್ಪಿದರು. ಉಡುಪಿಯ ಒಬ್ಬ ಉಪನ್ಯಾಸಕಿ ಪುನಃ ಇಂಗ್ಲಿಷಿಗೆ ಮಾಡಿಕೊಟ್ಟದ್ದು ಮೂಲಕ್ಕೆ ಹೆಚ್ಚುಕಡಿಮೆ ತಾಳೆಯಾಯಿತು.

ಮೂರನೆಯ ಭಾನುವಾರ ನಾನು ಹೋದದ್ದು ಧನ್ಯವಾದ ಹೇಳಲು. ಮಾಸ್ಟ್ರು ಬಿಡಲಿಲ್ಲ. ಕಾಗದದ ಮೇಲೆ ಚೆನ್ನಾಗಿ ಕಾಣುವ ವಾಕ್ಯ ಬಾಯಲ್ಲಿ ನಿಲ್ಲುತ್ತದಾ ಎಂದು ನೋಡದೆ ವೇದಿಕೆಗೆ ಹೋಗುವುದುಂಟಾ ಎಂದರು. ಅಮ್ಮ ಪಕ್ಕದ ಮನೆಗೆ ಹೋಗಿದ್ದರು. ಅವರು ಕುರ್ಚಿಯನ್ನು ನನ್ನ ಎದುರಿಗೆ ಎಳೆದು ಕೂತರು.

"ನಾನು ರೋಗಿ. ನೀನು ಡಾಕ್ಟ್ರು. ಓದು."

ಪೀಠಿಕೆ ಓದಿದೆ. ಪ್ರಶ್ನೆ ಓದಿದೆ. ಹೆಂಡತಿಯೊಟ್ಟಿಗೆ ಕೂಡುವಾಗ ಅಂಗ ಗಟ್ಟಿ ನಿಲ್ಲುತ್ತದಾ?

"ಇಲ್ಲ" ಎಂದರು. "ಎರಡು ವರ್ಷ ಹತ್ತಿರ ಆಯ್ತು."

ಒಂದೊಂದಕ್ಕೂ ತಡವರಿಸಿ, ಸಣ್ಣ ಸ್ವರದಲ್ಲಿ, ನೆಲ ನೋಡಿಕೊಂಡು ಉತ್ತರ ಕೊಟ್ಟರು. ಹೆಂಡತಿಯ ಹತ್ತಿರ ಇದರ ಮಾತೇ ಎತ್ತಿಲ್ಲ ಎಂದರು. ರಾತ್ರಿ ಓದುವ ನೆಪ ಹೇಳಿ ಜಗಲಿಯಲ್ಲಿ ಮಲಗುವುದು ಎಂದರು. ಬೆಳಿಗ್ಗೆ ಏಳುವಾಗಲೂ ಮೊದಲಿನ ಹಾಗೆ ಇಲ್ಲ ಎಂದು, ನಾನು ಕೇಳದೆಯೇ, ಸೇರಿಸಿದರು. ನಾನು ಟಿಕ್ ಹಾಕುತ್ತಾ ಹೋದೆ. ಎಷ್ಟು ಚೆನ್ನಾಗಿ ಮಾಡುತ್ತಾರೆ ಎಂದು ಮನಸ್ಸಿನಲ್ಲಿಯೇ ಮೆಚ್ಚಿದೆ. ಮುಗಿದ ಮೇಲೆ ನಾನು ಹೇಳಿದ ಮಾತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ: "ಸರ್, ಒಳ್ಳೆಯದಾಯ್ತು. ಆದರೆ ಸ್ವಲ್ಪ ಹೆಚ್ಚೇ ದುಃಖ ಹಾಕಿದ್ರಿ. ನಿಜವಾದ ರೋಗಿ ಇಷ್ಟು ಹೇಳುದಿಲ್ಲ."

ಅವರು "ಹೌದಾ?" ಎಂದು ನಕ್ಕರು.

ಕಾಪು ಸ್ಟ್ಯಾಂಡಿನಲ್ಲಿ ಉಡುಪಿಯ ಬಸ್ಸು ಬಂತು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದೆ... ಆಗ ಹೊಳೆಯಿತು, ಅವರು ಡಬ್ಬಿ ತೆರೆದಿರಲಿಲ್ಲ. ಮುಗಿಯಿತು ಎಂದಿರಲಿಲ್ಲ. ಈಗ ನಾನು ನಾನೇ ಎಂದಿರಲಿಲ್ಲ.

ಅದೊಂದೇ ಆಗಿದ್ದರೆ ನಾನು ನಂಬುತ್ತಿರಲಿಲ್ಲ, ಮರೆತಿರಬಹುದು ಎನ್ನುತ್ತಿದ್ದೆ. ಆದರೆ ಬೆಳಿಗ್ಗೆಯ ಮಾತು? ನಟಿಸುವವನು ಚಿಂತೆ ಎನ್ನುತ್ತಾನೆ, ಪ್ರಾಯ ಎನ್ನುತ್ತಾನೆ. ಬೆಳಿಗ್ಗೆ ಏಳುವಾಗ ಏನಾಗುತ್ತದೆ ಎಂಬುದನ್ನು ನಾವು ಮುಖ್ಯವಾಗಿ ಕೇಳುವುದು, ತೊಂದರೆ ಮನಸ್ಸಿನದೋ ರಕ್ತನಾಳದ್ದೋ ಎಂದು ಬೇರ್ಪಡಿಸಲು. ಅದು ಪ್ರಶ್ನಾವಳಿಯಲ್ಲಿಯೇ ಇರಲಿಲ್ಲ. ಕನ್ನಡ ಪಂಡಿತರಿಗೆ ಅದು ಎಲ್ಲಿಂದ ಗೊತ್ತು, ಸ್ವಂತಕ್ಕೆ ಅಲ್ಲದಿದ್ದರೆ? ಗೊಮ್ಮಟ ಬೆಟ್ಟ ಬೆವರಿಲ್ಲದೆ ಹತ್ತಿದವರು ಗದ್ದೆಯ ಅಂಚಿನಲ್ಲಿ ಎರಡು ಕಡೆ ನಿಂತು ತೋರಿಸಿದ್ದು ಪೈರನ್ನಲ್ಲ. ಉಸಿರು ಎಳೆದುಕೊಂಡದ್ದು.

"ಹತ್ತುವುದಾ ಇಳಿಯುವುದಾ, ಒಂದು ಡಿಸೈಡ್ ಮಾಡಿ ಮಾರಾಯ್ರೆ" ಎಂದು ಕಂಡಕ್ಟರ್.

ಇಳಿದೆ. ರಿಕ್ಷಾದಲ್ಲಿ ತಿರುಗಿ ಹೋದೆ.

ಅವರು ಗದ್ದೆಯ ಅಂಚಿನಲ್ಲಿಯೇ ಇದ್ದರು. ನನ್ನನ್ನು ಕಂಡು ಆಶ್ಚರ್ಯ ತೋರಿಸಲಿಲ್ಲ. ಹೇಗೆ ಶುರು ಮಾಡುವುದೆಂದು ರಿಕ್ಷಾದಲ್ಲಿ ಯೋಚಿಸಿದ್ದೆಲ್ಲ ವ್ಯರ್ಥವಾಯಿತು. ನೇರವಾಗಿ ಕೇಳಿದರೆ ಅವರು ನಕ್ಕು ಡಬ್ಬಿ ತೆರೆಯುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಆ ಡಬ್ಬಿ ತೆರೆಯಲು ಬಿಡಬಾರದು.

"ಸರ್, ಆ ರೋಗಿಯ ವಿಷಯ ಸ್ವಲ್ಪ ಮಾತಾಡ್ಲಿಕ್ಕೆ ಉಂಟು."

"ಯಾವ ರೋಗಿ?"

"ಮಧ್ಯಾಹ್ನ ಬಂದವರು."

ಸ್ವಲ್ಪ ಹೊತ್ತು ಪೈರು ನೋಡಿದರು. "ಅವನಿಗೆ ಎಂತ?"

"ಅವರು ಮಣಿಪಾಲಕ್ಕೆ ಬಂದು ಹೃದಯದ ಪರೀಕ್ಷೆ ಮಾಡಿಸಬೇಕು."

"ಬರಲಿಕ್ಕಿಲ್ಲ ಅವನು. ಅರವತ್ತು ದಾಟಿದವ. ಈ ಪ್ರಾಯದಲ್ಲಿ ಇದೆಲ್ಲ ಎಂತಕ್ಕೆ ಅಂತ ಕೇಳ್ತಾನೆ."

"ಪ್ರಾಯ ಎಲ್ಲರಿಗೂ ಆಗ್ತದೆ ಸರ್. ಎಲ್ಲರಿಗೂ ಹೀಗೆ ಆಗುದಿಲ್ಲ. ಎಲ್ಲ ಕಡೆ ಇರುವುದನ್ನು ಒಂದು ಕಡೆಯದ್ದಕ್ಕೆ ಕಾರಣ ಅಂತ ಹೇಳಬಾರದು ಅಂತ ಕಲಿಸಿದ್ದು ಯಾರು?"

"ಒಂದು ಮಾತ್ರೆ ಬರೆದುಕೊಟ್ಟರೆ ಸಾಕಂತೆ ಅವನಿಗೆ."

"ಹೃದಯ ನೋಡದೆ ಆ ಮಾತ್ರೆ ಇಲ್ಲ. ಎದೆನೋವಿಗೆ ಕೊಡುವ ಕೆಲವು ಮಾತ್ರೆ ಜೊತೆ ಅದು ಸೇರಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ನಾನು ಬರೆಯುದಿಲ್ಲ, ನಮ್ಮ ಗೈಡೂ ಬರೆಯುದಿಲ್ಲ."

ಹೀಗೆ ಒಂದೊಂದನ್ನೇ ತಂದರು, ನಾನು ಒಂದೊಂದನ್ನೇ ಕಡಿದೆ. ಹೈಸ್ಕೂಲಿನಲ್ಲಿ ಅವರು ಎದುರು ಪಕ್ಷದಲ್ಲಿ ಎಷ್ಟು ಸಲ ನಿಂತಿದ್ದರೋ. ಆದರೆ ಅವತ್ತಿನ ಪಣ ಬೇರೆ. ಇದರಲ್ಲಿ ನಾನು ಸೋತರೆ ಬಹುಮಾನ ತಪ್ಪುವುದಲ್ಲ, ಮಾಸ್ಟ್ರು ತಪ್ಪುವುದು.

ಕೊನೆಗೆ ನಿಜವಾದದ್ದು ಬಂತು.

"ಅವನಿಗೆ ನಾಚಿಕೆ, ಮಗಾ. ನಿನ್ನ ಹತ್ತಿರ ಹೇಳಿದ್ದೇ ಹೆಚ್ಚು. ಅಲ್ಲಿ ಕಾರ್ಕಳದವರು ಎಷ್ಟು ಜನ ಕೆಲಸಕ್ಕೆ ಇದ್ದಾರೆ. ಅವನು ಕಲಿಸಿದ ಮಕ್ಕಳು ಇದ್ದಾರೆ. ಚೀಟಿ ಮಾಡುವವಳು ಎದ್ದು ನಿಂತು ನಮಸ್ಕಾರ ಸರ್, ಎಂತ ಸಮಸ್ಯೆ ಅಂತ ಕೇಳಿದರೆ ಅವನು ಎಂತ ಹೇಳುವುದು?"

ನಾಚಿಕೆಪಡಬಾರದು ಎನ್ನುವುದು ಉತ್ತರವಲ್ಲ, ಅದು ಭಾಷಣ. ಪೀಠಿಕೆಯಲ್ಲಿ ಮಾಡಿದ ಹಾಗೆ, ಮೊದಲು ಇರುವುದನ್ನು ಹೇಳುವ ಎಂದುಕೊಂಡೆ.

"ಅವರು ನಡೆಯುವಾಗ ನಿಲ್ಲುತ್ತಾರೆ ಸರ್. ಉಸಿರು ಸಿಗುದಿಲ್ಲ ಅವರಿಗೆ. ನಾನು ನೋಡಿದ್ದೇನೆ. ಚೀಟಿಯಲ್ಲಿ ಅಷ್ಟೇ ಬರೆಸಲಿ. ಸುಳ್ಳಲ್ಲವಲ್ಲ. ಉಳಿದದ್ದನ್ನು ಹೃದಯದ ಡಾಕ್ಟ್ರಿಗೆ ಮಾತ್ರ ನಾನು ಬಾಯಲ್ಲಿ ಹೇಳ್ತೇನೆ, ಅವರ ಒಪ್ಪಿಗೆ ಇದ್ದರೆ."

ಮಾಸ್ಟ್ರು ಕೈ ಹಿಂದೆ ಕಟ್ಟಿಕೊಂಡು ಅಂಚಿನ ಮೇಲೆ ಆ ಕಡೆಗೆ ನಾಲ್ಕು ಹೆಜ್ಜೆ ಹೋದರು. ಅಲ್ಲಿ ನಿಂತರು. ತಿರುಗಿ ಬಂದರು.

"ಒಪ್ಪಿಗೆ ಉಂಟಂತೆ" ಎಂದರು. "ಬುಧವಾರ ಬರ್ತಾನಂತೆ."

ಬುಧವಾರ ಬಂದರು, ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ, ಅಮ್ಮನ ಜೊತೆ. ಓಡುವ ಪಟ್ಟಿಯ ಮೇಲೆ ನಡೆಸುವ ಪರೀಕ್ಷೆಯನ್ನು ಅರ್ಧದಲ್ಲಿಯೇ ನಿಲ್ಲಿಸಿದರು. ಮರುದಿನ ನೋಡಿದಾಗ ಎರಡು ಕಡೆ ನಾಳ ಕಟ್ಟಿತ್ತು, ಒಂದು ಹೆಚ್ಚುಕಡಿಮೆ ಪೂರ್ತಿ. ಎರಡು ಸ್ಟೆಂಟ್ ಹಾಕಿದರು. ನಶ್ಯ ಬಿಡಬೇಕೆಂದರು, ಬಿಟ್ಟರು. ಮುಂದಿನ ಚಿಕಿತ್ಸೆಯನ್ನು ಹೃದಯದವರೂ ನಮ್ಮ ಗೈಡೂ ಸೇರಿ ನೋಡಿಕೊಂಡರು. ಆ ಕಾಗದಗಳು ನನ್ನ ಕೈಗೆ ಎಟುಕುವಲ್ಲಿಯೇ ಇದ್ದವು. ನಾನು ತೆರೆಯಲಿಲ್ಲ.

ಆಮೇಲೆ ಇನ್ನಂಜೆಗೆ ಹೋದಾಗಲೆಲ್ಲ ಅವರು ಒಂದು ಸುದ್ದಿ ಹೇಳುತ್ತಿದ್ದರು. "ನಿನ್ನ ಆ ರೋಗಿ ಚೆನ್ನಾಗಿದ್ದಾನಂತೆ." ನಾನು, "ದಿನಾ ನಡೆಯಲು ಹೇಳಿ ಸರ್" ಎನ್ನುತ್ತಿದ್ದೆ. ಒಂದು ಸಲ, ಅಮ್ಮ ಚಹಾ ಇಟ್ಟು ಒಳಗೆ ಹೋದ ಮೇಲೆ, ಲೋಟದೊಳಗೆ ನೋಡುತ್ತಾ ಹೇಳಿದರು: "ಎಲ್ಲ ರೀತಿಯಲ್ಲೂ ಚೆನ್ನಾಗಿದ್ದಾನಂತೆ. ಜಗಲಿಯಲ್ಲಿ ಮಲಗುವುದು ಬಿಟ್ಟನಂತೆ." ನಾನು ಗಂಭೀರವಾಗಿ ತಲೆಯಾಡಿಸಿ, ಸಂತೋಷ ಸರ್ ಎಂದೆ. ಒಳಗಿನಿಂದ ಪಾತ್ರೆಯ ಸದ್ದು ಒಮ್ಮೆ ನಿಂತು, ಮತ್ತೆ ಶುರುವಾಯಿತು.

ಹೊಸ ಪ್ರಶ್ನಾವಳಿ ಕೆಲಸ ಮಾಡಿತು. ಕಾರ್ಕಳದ ಒಬ್ಬರು, ನಿವೃತ್ತ ಅಂಚೆ ನೌಕರರು, ಪೀಠಿಕೆ ಕೇಳಿದ ಕೂಡಲೇ "ಉಂಟು, ಉಂಟು" ಎಂದು ಎಲ್ಲ ಹೇಳಿ ಮುಗಿಸಿ, "ಇಷ್ಟು ಸಣ್ಣ ಪ್ರಶ್ನೆಗೆ ಬಾಗಿಲು ಎಂತಕ್ಕೆ ಹಾಕಿದ್ದು?" ಎಂದು ನನ್ನನ್ನೇ ಕೇಳಿದರು. ಎರ್ಮಾಳಿನವರು ಮಾತ್ರ ಬರಲೇ ಇಲ್ಲ. ವಿಳಾಸ ಫೈಲಿನಲ್ಲಿತ್ತು. ಆಸ್ಪತ್ರೆಯಿಂದ ಕಾಗದ ಹೋದರೆ ಅದೂ ಒಂದು ಕಂಪ್ಲೇಂಟಿನ ಹಾಗೆ ಆದೀತು ಎಂದು ಗೈಡ್ ಬೇಡವೆಂದರು. ಹೆಂಡತಿ ಎದೆಗೆ ಒತ್ತಿಕೊಂಡಿದ್ದ ಆ ಫೈಲು... ಆ ತಪ್ಪು ನನ್ನದು. ಅದನ್ನು ಯಾವ ವಾದದಲ್ಲೂ ಗೆಲ್ಲಲಾಗುವುದಿಲ್ಲ.

ಮಾಸ್ಟ್ರು ಹೋದದ್ದು ಕಳೆದ ಮಳೆಗಾಲದಲ್ಲಿ. ಹೃದಯದಿಂದಲ್ಲ, ಜ್ವರ ಬಂದು ಶ್ವಾಸಕೋಶಕ್ಕೆ ಇಳಿಯಿತು, ನಾಲ್ಕೇ ದಿನ. ನಾನು ಪರೀಕ್ಷೆಯ ಕೆಲಸಕ್ಕೆಂದು ಬೇರೆ ಊರಿನಲ್ಲಿದ್ದೆ. ಇದನ್ನೆಲ್ಲ ಬರೆಯಲೇ ಎಂದು ಅಮ್ಮನನ್ನು ಕೇಳಲು ಮೊನ್ನೆ ಹೋಗಿದ್ದೆ. ಆ ರೋಗಿ ಯಾರೆಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. "ಬರಿ. ಆದರೆ ಅವರನ್ನು ಪಾಪದವರ ಹಾಗೆ ಮಾಡಿ ಬರೆಯಬೇಡ" ಎಂದರಷ್ಟೆ. ಪಾಪದವರಾಗಿರಲಿಲ್ಲ. ನನ್ನ ಎದುರು ಕೂತು, ತನ್ನ ಶಿಷ್ಯೆಯ ಕಣ್ಣೆದುರು, ಒಂದು ನಿಜ ಹೇಳಲು ದಾರಿ ಕಂಡುಹಿಡಿದವರು ಅವರು. ಅಷ್ಟು ಧೈರ್ಯ ಇರುವವರನ್ನು ಹೊರರೋಗಿ ವಿಭಾಗದಲ್ಲಿ ನಾನು ದಿನಾ ಹುಡುಕುತ್ತೇನೆ.

ಜೂನಿಯರ್ ಈಗ ಅದೇ ಪ್ರಶ್ನಾವಳಿಯಿಂದ ಹೊಸ ಅಧ್ಯಯನ ಮಾಡಲು ಹೊರಟಿದ್ದಾಳೆ. ಅಂಗ ಎಂದರೆ ಯಾವ ಅಂಗ, ನಿಖರತೆ ಇಲ್ಲ, ಬದಲಿಸಬೇಕು ಎಂದು ನಿನ್ನೆ ನನ್ನ ಜೊತೆ ಒಂದು ಗಂಟೆ ವಾದಿಸಿದಳು. ಐದು ಜನರ ಮುಂದೆ ಓದಿ ನೋಡು, ಆಮೇಲೆ ಬದಲಿಸು ಎಂದೆ. ಅವಳಿಗೆ ಈ ಕಥೆಯನ್ನು, ಹೆಸರು ಹೇಳದೆ, ಊರು ಹೇಳದೆ, ಹೇಳಿದೆ. ಕೇಳಿ, "ಹಾಗಾದರೆ ನೀವು ಅವರಿಗೆ ನಾಲ್ಕು ವರ್ಷ ಕೊಟ್ಟಿರಿ ಮೇಡಂ" ಎಂದಳು.

ಹಾಗೆ ಹೇಳಲು ಬರುವುದಿಲ್ಲ ಎಂದೆ. ಸ್ಟೆಂಟ್ ಹಾಕದೆಯೂ ಅವರು ಆ ನಾಲ್ಕು ವರ್ಷ ಇರುತ್ತಿದ್ದರೇನೋ. ಖಚಿತವಾಗಿ ಹೇಳಬೇಕಾದರೆ ಒಂದೇ ಥರದ ಇಬ್ಬರು ಬೇಕು, ಒಬ್ಬರು ಮಣಿಪಾಲಕ್ಕೆ ಬಂದವರು, ಇನ್ನೊಬ್ಬರು ಬಾರದೆ ಉಳಿದವರು. ಇಬ್ಬರನ್ನೂ ಹೋಲಿಸಿ ನೋಡಬೇಕು. ನನಗೆ ಇದ್ದದ್ದು ಒಬ್ಬರೇ. ಆ ಒಬ್ಬರೂ ಈಗ ಇಲ್ಲ.